ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗ) ಪತ್ತೆಹಚ್ಚೋದನ್ನು ಎಂಬಿಬಿಎಸ್‌ನಲ್ಲೇ ಕಲಿಸಬೇಕಾ?

ಪರ

25ರ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಒಂದು ಕಣ್ಣು ಮಂಜು ಮಂಜು, ಹೊರಳಿಸಿದರೆ ನೋವು. ಕೆಲವು ವಾರದಲ್ಲಿ ತಾನಾಗೇ ಸರಿಹೋಯಿತು. ಆರು ತಿಂಗಳ ಮೇಲೆ ಕಾಲು ಜೋಮು. ಕಣ್ಣಿಗೆ ಒಬ್ಬ ಡಾಕ್ಟರು, ಕಾಲಿಗೆ ಇನ್ನೊಬ್ಬರು. ಎರಡನ್ನೂ ಕೂಡಿಸಿ ನೋಡಿದವರು ಯಾರೂ ಇಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಣ್ತಪ್ಪಿಸಿಕೊಳ್ಳುವುದೇ ಹೀಗೆ. ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುವ ಈ ಕಾಯಿಲೆ ಬಂದು ಬಂದು ಹೋಗುತ್ತದೆ, ಆದರೆ ಹೋಗುವಾಗ ಏನಾದರೂ ಕಿತ್ತುಕೊಂಡೇ ಹೋಗಬಹುದು.

ಇವಳು ಮೊದಲು ಹೋಗುವುದು ಊರಿನ ಕ್ಲಿನಿಕ್ಕಿಗೆ, ಅಲ್ವಾ? ಅಲ್ಲಿರುವ ಹೊಸ ಡಾಕ್ಟರ ಕೈಯಲ್ಲಿ ಒಂದು ಟಾರ್ಚ್ ಇದ್ದರೂ ಸಾಕು. ಒಳ್ಳೆಯ ಕಣ್ಣಿಗೆ ಬೆಳಕು ಬಿಟ್ಟಾಗ ಎರಡೂ ಪಾಪೆ ಕಿರಿದಾಗುತ್ತವೆ. ಟಾರ್ಚನ್ನು ಥಟ್ಟನೆ ಪಕ್ಕದ ಕಣ್ಣಿಗೆ ಸರಿಸಿದಾಗ ಪಾಪೆ ಹಿಗ್ಗಿದರೆ, ಆ ಕಣ್ಣಿನ ನರಕ್ಕೆ ಪೆಟ್ಟಾಗಿರಬಹುದು. 'ಹಿಂದೆ ಯಾವಾಗಲಾದರೂ ಕೈಕಾಲು ಜೋಮು ಹಿಡಿದಿತ್ತಾ?' ಅಂತ ಆಗ ಕೇಳಲೇಬೇಕು.

ಮುಂದಿನ ನಿಗಾಕ್ಕೂ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ವರಾಂಡದಲ್ಲಿ 25 ಅಡಿ ಗುರುತು ಹಾಕಿ, ನಡೆಸಿ, ಸೆಕೆಂಡು ಎಣಿಸಿ. ಹೋದ ಸಲಕ್ಕಿಂತ ಐದರಲ್ಲೊಂದು ಪಾಲು ಜಾಸ್ತಿ ಹಿಡಿದರೆ ತಜ್ಞರ ಹತ್ತಿರ ಕಳಿಸಿ.

ವಿರೋಧ

ಟಾರ್ಚ್ ಹಿಡಿಯೋದನ್ನು ಖಂಡಿತ ಕಲಿಸಿ. ನನ್ನ ಭಯವೆಲ್ಲ ಕಾಯಿಲೆಗೆ ಹೆಸರಿಡುವುದರ ಬಗ್ಗೆ.

ಎಂ.ಎಸ್.ಗೆ ಇದೊಂದೇ ಸಾಕು ಅನ್ನುವ ಟೆಸ್ಟ್ ಇಲ್ಲ. ಇದು ಎಂ.ಎಸ್. ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಬಳಸುವ ಮೆಕ್‌ಡೊನಾಲ್ಡ್ ಮಾನದಂಡ 2001ರಲ್ಲಿ ಬಂತು. 2005, 2010, 2017, 2024ರಲ್ಲಿ ತಿದ್ದಿದ್ದಾರೆ. ಎಂಆರ್‌ಐಯಲ್ಲಿ ಕಾಣುವ ಬಿಳಿ ಚುಕ್ಕೆ ಮೈಗ್ರೇನಿನದ್ದಿರಬಹುದು, ಬಿಪಿಯದ್ದೋ ವಯಸ್ಸಿನದ್ದೋ ಇರಬಹುದು. ಜೋಮಿಗೆ ಬಿ12 ಕೊರತೆಯೇ ಕಾರಣವಾಗಿರಬಹುದು. ಎನ್‌ಎಂಒ ಅಂತ ಇನ್ನೊಂದು ಕಾಯಿಲೆಯಿದೆ. ಅದೂ ಕಣ್ಣಿಗೆ, ಬೆನ್ನುಹುರಿಗೆ ಬೀಳುತ್ತದೆ. ರಕ್ತದಲ್ಲಿ ಅದರ ಗುರುತು ಹೇಳುವ ಪ್ರತಿಕಾಯ ಸಿಕ್ಕಿದ್ದೇ 2004ರಲ್ಲಿ. ಎಂ.ಎಸ್. ಅಂದುಕೊಂಡು ಅದರ ಔಷಧಿಯಾದ ಇಂಟರ್‌ಫೆರಾನ್ ಕೊಟ್ಟರೆ ಎನ್‌ಎಂಒ ಇನ್ನೂ ಕೆರಳಬಹುದು. ಅರ್ಧ ಕಲಿತವರಿಂದ ಆಗುವ ಅನಾಹುತ ಇದು.

ಎಂಬಿಬಿಎಸ್‌ನಲ್ಲಿ ನರರೋಗಕ್ಕೆ ಸಿಗುವ ಸಮಯ ಕಡಿಮೆ. ಅದು ಲಕ್ವ, ಫಿಟ್ಸು, ಮಿದುಳಿನ ಟಿಬಿಗೆ ಮೀಸಲಿರಲಿ. ಲಕ್ವ ಹೊಡೆದವರಿಗೆ ರಕ್ತದ ಗರಣೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎಂ.ಎಸ್.ಗೆ ನರರೋಗ ತಜ್ಞರಾಗುವವರು ಓದುವ ಡಿಎಂ ಕೋರ್ಸೇ ಸರಿ. ಅಲ್ಲಿ ಮೂರು ವರ್ಷ ಇರುತ್ತದೆ. ಒಬ್ಬರೇ ರೋಗಿ ಮೊದಲ ವರ್ಷ ಹೇಗೆ ನಡೆದರು, ಮೂರನೇ ವರ್ಷ ಹೇಗೆ ನಡೆಯುತ್ತಿದ್ದಾರೆ ಅಂತ ಆ ವಿದ್ಯಾರ್ಥಿ ತನ್ನ ಕಣ್ಣಲ್ಲೇ ನೋಡಬಹುದು.