ಸತ್ತವರ ಕಾಲ್‌ಶೀಟ್ ಬಲು ಸಲೀಸು

ಆ ಎಐ ವಿಡಿಯೊ ನೀವೂ ನೋಡಿರುತ್ತೀರಿ. ಬಾಕ್ಸಿಂಗ್ ರಿಂಗಿನ ಒಂದು ಮೂಲೆಯಲ್ಲಿ ಮೊಹಮ್ಮದ್ ಅಲಿ, ಇನ್ನೊಂದು ಮೂಲೆಯಲ್ಲಿ ಮೈಕ್ ಟೈಸನ್. ಇಬ್ಬರಿಗೂ ಇಪ್ಪತ್ತು ಚಿಲ್ಲರೆ ವಯಸ್ಸು. ನಡುವೆ ಅಲಿಯ ಎಡಗೈ ಗ್ಲೌಸಿಗೆ ಎರಡನೇ ಹೆಬ್ಬೆರಳು ಮೂಡಿ, ಹಾಗೇ ಮಾಯವಾಗುತ್ತದೆ. ರೆಫ್ರಿ ರಿಂಗಿನ ಹಗ್ಗದೊಳಗಿಂದಲೇ ತೂರಿಕೊಂಡು ಆಚೆ ಹೋಗುತ್ತಾನೆ. ಅದು ಯಾರಿಗೂ ಬೇಕಿಲ್ಲ. ಕೊನೆಗೆ ಒಬ್ಬ ಬೀಳುತ್ತಾನೆ. ಅಷ್ಟೇ ಸಾಕು, ನೋಡಿದವರೆಲ್ಲ ತೋಳೇರಿಸಿಕೊಂಡು ನಿಲ್ಲುತ್ತಾರೆ.

ನಿಜ ಹೇಳಬೇಕೆಂದರೆ ಬೇರೆ ಬೇರೆ ಕಾಲದವರನ್ನು ಎದುರು ನಿಲ್ಲಿಸುವ ಈ ಕನಸಿನ ಪಂದ್ಯಗಳನ್ನು ಮೆಚ್ಚಲೇಬೇಕು. ಸತ್ತವರಷ್ಟು ಒಳ್ಳೆಯ ಬಾಕ್ಸರ್‌ಗಳು ಎಲ್ಲಿ ಸಿಗುತ್ತಾರೆ? ದುಡ್ಡು ಕೇಳುವುದಿಲ್ಲ. ಪ್ರೊಮೋಟರ್ ಇಲ್ಲ, ವಕೀಲ ಇಲ್ಲ. ಬೆನ್ನು ನೋವು ಅಂತ ಪಂದ್ಯ ಮುಂದೂಡುವುದಿಲ್ಲ. ಡ್ರಗ್ ಟೆಸ್ಟಿನಲ್ಲಿ ಸಿಕ್ಕಿಬೀಳುವ ಭಯವೂ ಇಲ್ಲ. 1920ರ ದಶಕದ ಜಾಕ್ ಡೆಂಪ್ಸಿಗೆ ಬೆಳಿಗ್ಗೆ ನಲವತ್ತರ ದಶಕದ ಜೋ ಲೂಯಿಸ್, ಮಧ್ಯಾಹ್ನ ತೊಂಬತ್ತರ ದಶಕದ ಲೆನಾಕ್ಸ್ ಲೂಯಿಸ್. ಪಾಪ, ಊಟಕ್ಕೂ ಬಿಡುವಿಲ್ಲ. ಟೈಸನ್ ಇನ್ನೂ ಬದುಕಿದ್ದಾನಲ್ಲ ಅಂತೀರಾ? 1988ರ ಟೈಸನ್ ಬದುಕಿಲ್ಲ ಸ್ವಾಮಿ. ಅವನೂ ಈ ಸತ್ತವರ ಪಟ್ಟಿಯಲ್ಲೇ ಇದ್ದಾನೆ.

ಇನ್ನು ಟೇಪು ಹಿಡಿದು ಬರುವ ಪಂಡಿತರು. ಐವತ್ತರ ದಶಕದ ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದವನು. ಎತ್ತರ 5 ಅಡಿ 10 ಇಂಚು, ತೂಕ ಸುಮಾರು 84 ಕೆ.ಜಿ. ಇವತ್ತಿನ ಲೆಕ್ಕದಲ್ಲಿ ಅವನು ಹೆವಿವೇಟೇ ಅಲ್ಲ, ಅದಕ್ಕಿಂತ ಕೆಳಗಿನ ತೂಕದ ಕ್ರೂಸರ್‌ವೇಟ್. ಅವನ ಎದುರಿಗೆ 6 ಅಡಿ 9 ಇಂಚಿನ, 120 ಕೆ.ಜಿ ದಾಟಿದ, ನಮ್ಮ ಕಾಲದ ಟೈಸನ್ ಫ್ಯೂರಿ. ಫ್ಯೂರಿ ಸುಮ್ನೆ ಮೈಮೇಲೆ ಒರಗಿದರೂ ಸಾಕು ಅಂತ ಒಬ್ಬರು. ಸೋಲೇ ಗೊತ್ತಿಲ್ಲದವನು ಹೇಗೆ ಸೋಲುತ್ತಾನೆ ಅಂತ ಇನ್ನೊಬ್ಬರು. ಯಾವ ಕಾಲದ ನಿಯಮದಲ್ಲಿ ಆಡಿಸುತ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. 1915ರಲ್ಲಿ ಹವಾನಾದಲ್ಲಿ ಜಾಕ್ ಜಾನ್ಸನ್ ಮತ್ತು ಜೆಸ್ ವಿಲ್ಲಾರ್ಡ್ ಆಡಿದ್ದು 45 ಸುತ್ತಿನ ಪಂದ್ಯ. ಅದು ಮುಗಿದದ್ದು 26ನೇ ಸುತ್ತಿನಲ್ಲಿ, ಬಟಾಬಯಲಿನಲ್ಲಿ. ಈಗಿನ ಪಂದ್ಯ 12ಕ್ಕೆ ಮುಗಿಯುತ್ತದೆ. 1919ರಲ್ಲಿ ಡೆಂಪ್ಸಿ ಇದೇ ವಿಲ್ಲಾರ್ಡನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. ಬಿದ್ದವನು ಏಳುವವರೆಗೆ ಪಕ್ಕದಲ್ಲೇ ನಿಂತಿದ್ದು, ಎದ್ದ ಕೂಡಲೇ ಮತ್ತೆ ಗುದ್ದಿದ. ಆಗ ಅದಕ್ಕೆ ಅಡ್ಡಿಯಿರಲಿಲ್ಲ. ಈಗ ಹಾಗೆ ಮಾಡಿದರೆ ರೆಫ್ರಿ ಮನೆಗೆ ಕಳಿಸುತ್ತಾನೆ.

ಅವನು ಇವನನ್ನು ಸೋಲಿಸಿದ, ಇವನು ಮತ್ತೊಬ್ಬನನ್ನು ಸೋಲಿಸಿದ, ಹಾಗಾಗಿ ಅವನೇ ದೊಡ್ಡವನು ಅನ್ನುವ ಗಣಿತವೂ ಉಂಟು. ಇದನ್ನು ಮಾಡುವವರಿಗೆ ಎಪ್ಪತ್ತರ ದಶಕವನ್ನು ತೋರಿಸಬೇಕು. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್ಮನ್ ಅದೇ ಫ್ರೇಜಿಯರನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಬೀಳಿಸಿದ. ಅದೇ ವರ್ಷ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಫೋರ್ಮನ್ ನಾರ್ಟನ್‌ನನ್ನೂ ಎರಡೇ ಸುತ್ತಿನಲ್ಲಿ ಮುಗಿಸಿದ. ಗಣಿತದ ಪ್ರಕಾರ ಫೋರ್ಮನ್ ಎದುರು ಅಲಿಯ ಕಥೆ ಮುಗಿದ ಹಾಗೆ. ಆದರೆ 1974ರ ಅಕ್ಟೋಬರಿನಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ಗುದ್ದು ತಿನ್ನುತ್ತಲೇ ನಿಂತ. ಫೋರ್ಮನ್ ಗುದ್ದಿ ಗುದ್ದಿ ಸುಸ್ತಾದ. ಎಂಟನೇ ಸುತ್ತಿನಲ್ಲಿ ಅವನೇ ನೆಲಕ್ಕೆ ಬಿದ್ದ. ಆಮೇಲೆ ಅಲಿ ಫ್ರೇಜಿಯರನ್ನೂ, ನಾರ್ಟನ್‌ನನ್ನೂ ಮತ್ತೆ ಎದುರಿಸಿದ. ಎರಡೂ ಸಲ ಗೆದ್ದರೂ ಸುಲಭವಾಗಿ ಗೆಲ್ಲಲಿಲ್ಲ. ಇಷ್ಟೆಲ್ಲ ಆಗಿದ್ದು ಒಂದೇ ಕಾಲದ ನಾಲ್ವರ ಮಧ್ಯೆ. ಇನ್ನು ನೂರು ವರ್ಷ ಆಚೀಚೆ ಇರುವವರ ಲೆಕ್ಕ ಬಿಡಿಸುತ್ತಾರಂತೆ!

ಟೈಸನ್ ಅಭಿಮಾನಿಗಳದ್ದು ಬೇರೆಯೇ ಶಾಸ್ತ್ರ. 1988ರಲ್ಲಿ ಮೈಕಲ್ ಸ್ಪಿಂಕ್ಸನ್ನು 91 ಸೆಕೆಂಡಿನಲ್ಲಿ ಮಲಗಿಸಿದವನೇ ಅಸಲಿ ಟೈಸನ್. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಕೈಲಿ ನಾಕೌಟ್ ಆದವನು ಲೆಕ್ಕಕ್ಕಿಲ್ಲ, ಅಷ್ಟು ಹೊತ್ತಿಗೆ ಅವನ ಒಳ್ಳೆಯ ಕಾಲ ಮುಗಿದಿತ್ತಂತೆ. ಆಗ ಅವನ ವಯಸ್ಸು 23. ಇಷ್ಟು ಬೇಗ ಮುದುಕನಾಗಲು ಎಷ್ಟು ಕಷ್ಟಪಟ್ಟಿರಬೇಕು ನೋಡಿ. ಡಗ್ಲಸ್ ಗೆಲ್ಲುತ್ತಾನೆ ಅಂತ ಬಾಜಿ ಕಟ್ಟಿದವರಿಗೆ ಒಂದಕ್ಕೆ 42 ಕೊಡಲು ಸಿದ್ಧರಿದ್ದರು, ಅಂದರೆ ಅವನು ಯಾರ ಲೆಕ್ಕದಲ್ಲೂ ಇರಲಿಲ್ಲ. ಪಂದ್ಯಕ್ಕೆ ಕೆಲವೇ ವಾರ ಮುಂಚೆ ಅವನ ತಾಯಿ ತೀರಿಕೊಂಡಿದ್ದರು. ಎತ್ತರ, ತೂಕ, ತೋಳಿನ ಉದ್ದ ತುಂಬುವ ಪಟ್ಟಿಯಲ್ಲಿ ಇದನ್ನು ಎಲ್ಲಿ ತುಂಬುವುದು?

ಈ ಹುಚ್ಚು ಎಐ ಜೊತೆ ಹುಟ್ಟಿದ್ದೂ ಅಲ್ಲ. 1967ರಲ್ಲೇ ಮರ್ರಿ ವೊರೋನರ್ ಎಂಬ ಅಮೆರಿಕದ ರೇಡಿಯೊ ನಿರ್ಮಾಪಕ ಕಂಪ್ಯೂಟರಿಗೆ ಅಂಕಿ ಅಂಶ ಉಣ್ಣಿಸಿ, ಎಲ್ಲ ಕಾಲದ ಹೆವಿವೇಟ್‌ಗಳ ಟೂರ್ನಿಯನ್ನೇ ನಡೆಸಿದ. ಬಂದ ಫಲಿತಾಂಶವನ್ನು ಕಣ್ಣೆದುರೇ ನಡೆಯುತ್ತಿರುವ ಪಂದ್ಯದ ಹಾಗೆ ರೇಡಿಯೊದಲ್ಲಿ ಕಾಮೆಂಟರಿ ಮಾಡಿಸಿದ. ಫೈನಲ್‌ನಲ್ಲಿ ಮಾರ್ಸಿಯಾನೊ ಡೆಂಪ್ಸಿಯನ್ನು ಸೋಲಿಸಿದ. ಆಡದ ಪಂದ್ಯ ಗೆದ್ದಿದ್ದಕ್ಕೆ ಮಾರ್ಸಿಯಾನೊಗೆ ನಿಜವಾದ ಚಿನ್ನದ ಬೆಲ್ಟ್ ಸಿಕ್ಕಿತು. ಕ್ವಾರ್ಟರ್ ಫೈನಲ್‌ನಲ್ಲಿ ಜಿಮ್ ಜೆಫ್ರೀಸ್ ಕೈಲಿ ಸೋತ ಅಲಿ ಕೋರ್ಟಿಗೆ ಹೋದ. ಮಾನನಷ್ಟ, ಹತ್ತು ಲಕ್ಷ ಡಾಲರ್! ಯಂತ್ರದ ಮೇಲೆ ಕೇಸು ಹಾಕಿದ ಏಕೈಕ ಚಾಂಪಿಯನ್ ಇವನೇ ಇರಬೇಕು.

ಕೊನೆಗೆ ರಾಜಿಯಾಯಿತು. ರಾಜಿ ಏನಪ್ಪಾ ಅಂದರೆ, ಅಲಿ ಮತ್ತು ಮಾರ್ಸಿಯಾನೊ ಕ್ಯಾಮೆರಾ ಮುಂದೆ ಗುದ್ದಾಡಿದ ಹಾಗೆ ನಟಿಸುವುದು. 1969ರಲ್ಲಿ ಮಿಯಾಮಿಯ ಸ್ಟುಡಿಯೊ ಒಂದರಲ್ಲಿ ಶೂಟಿಂಗ್. ನಿವೃತ್ತಿಯಾಗಿ ಹದಿಮೂರು ವರ್ಷ ಕಳೆದಿದ್ದ ಮಾರ್ಸಿಯಾನೊ ಇಪ್ಪತ್ತು ಕಿಲೊಗೂ ಜಾಸ್ತಿ ತೂಕ ಇಳಿಸಿದ. ಬೋಳುತಲೆಗೆ ವಿಗ್ ಹಾಕಿದ. ಯಾರು ಗೆಲ್ಲುತ್ತಾರೆ ಅಂತ ಇಬ್ಬರಿಗೂ ಗೊತ್ತಿಲ್ಲ, ಯಾಕೆಂದರೆ ಒಂದಕ್ಕಿಂತ ಹೆಚ್ಚು ಅಂತ್ಯಗಳನ್ನು ಶೂಟ್ ಮಾಡಿಟ್ಟಿದ್ದರು. ಮುಂದಿನ ಜನವರಿಯಲ್ಲಿ ಚಿತ್ರ ತೆರೆಗೆ ಬಂತು. ಅಮೆರಿಕದಲ್ಲಿ 13ನೇ ಸುತ್ತಿಗೆ ಮಾರ್ಸಿಯಾನೊ ಗೆದ್ದ. ಯುರೋಪಿನಲ್ಲಿ ಅಲಿ ಗೆದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತನ್ನ ಗೆಲುವನ್ನು ನೋಡಲು ಮಾರ್ಸಿಯಾನೊ ಮಾತ್ರ ಇರಲಿಲ್ಲ. ಶೂಟಿಂಗ್ ಮುಗಿದ ಕೆಲವೇ ವಾರಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಇಲ್ಲಿಯವರೆಗೆ ತಮಾಷೆ. ಆದರೆ ಅಲಿ ಆ ಸ್ಟುಡಿಯೊದಲ್ಲಿ ಯಾಕೆ ನಿಂತಿದ್ದ? ಅವನಿಗೆ ಬೇರೆ ರಿಂಗ್ ಇರಲಿಲ್ಲ, ಅದಕ್ಕೆ. ವಿಯೆಟ್ನಾಂ ಯುದ್ಧದ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡರು, ಲೈಸೆನ್ಸ್ ಕಿತ್ತುಕೊಂಡರು. 25ನೇ ವಯಸ್ಸಿನಿಂದ 28ರವರೆಗೆ ಒಂದು ಪಂದ್ಯವನ್ನೂ ಆಡಲು ಬಿಡಲಿಲ್ಲ. ಈಗ ಎಲ್ಲರೂ ಚಪ್ಪರಿಸುತ್ತಾರಲ್ಲ, ಉತ್ತುಂಗದಲ್ಲಿದ್ದ ಅಲಿ ಅಂತ. ಅವನನ್ನು ಯಾರೂ ನೋಡಿಲ್ಲ. ನೋಡದಂತೆ ಮಾಡಿದರು. ನಿಜವಾದ ಮೂರೂವರೆ ವರ್ಷ ಕಸಿದುಕೊಂಡು, ಬದಲಿಗೆ ಒಬ್ಬ ವಿಗ್ ಹಾಕಿದ ಎದುರಾಳಿಯನ್ನು ಕೊಟ್ಟರು.

ಅಲಿಯನ್ನು ಯಂತ್ರ ಯಾರ ಕೈಲಿ ಸೋಲಿಸಿತು ನೋಡಿ. ಜೆಫ್ರೀಸ್. 1908ರಲ್ಲಿ ಜಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. ಬಿಳಿಯರಿಗೆ ತಡೆಯಲಾಗಲಿಲ್ಲ. ಆಟ ಬಿಟ್ಟು ಜಮೀನು ನೋಡಿಕೊಂಡಿದ್ದ, ಮೈ ಬಂದಿದ್ದ ಹಳೆಯ ಚಾಂಪಿಯನ್ ಜೆಫ್ರೀಸ್‌ನನ್ನು ಎಳೆತಂದು, ನಮ್ಮ ಕಾಲದವನು ಬಂದರೆ ಇವನ ಸೊಕ್ಕಡಗುತ್ತೆ ಅಂದರು. ಎರಡು ಕಾಲದವರನ್ನು ಎದುರು ಬದುರು ನಿಲ್ಲಿಸುವ ಕನಸಿನ ತವರುಮನೆ ಇದು. 1910ರ ಜುಲೈ 4, ರೀನೊ. 15ನೇ ಸುತ್ತಿನಲ್ಲಿ ಜಾನ್ಸನ್ ಅವನನ್ನು ಮುಗಿಸಿದ. ಅವತ್ತು ರಾತ್ರಿ ಅಮೆರಿಕದ ಊರೂರಲ್ಲಿ ಕಪ್ಪು ಜನರ ಮೇಲೆ ದಾಳಿಯಾಯಿತು, ಸಾವುಗಳಾದವು. ಅರ್ಧ ಶತಮಾನ ದಾಟಿದ ಮೇಲೆ ಅದೇ ಜೆಫ್ರೀಸ್ ಯಂತ್ರದೊಳಗಿಂದ ಎದ್ದುಬಂದು ಇನ್ನೊಬ್ಬ ಕಪ್ಪು ಚಾಂಪಿಯನ್‌ನನ್ನು ಹೊಡೆದುರುಳಿಸಿದ. ಯಂತ್ರಕ್ಕೆ ಜಾತಿ, ಬಣ್ಣ ಗೊತ್ತಿಲ್ಲ ಅಂತಾರೆ. ಇರಬಹುದು. ಉಣ್ಣಿಸಿದವರಿಗೆ ಗೊತ್ತಿತ್ತಲ್ಲ.

ಎರಡು ಕಾಲದವರು ನಿಜವಾಗಿ ಎದುರಾದಾಗಲೂ ನಾವು ನೋಡಿದ್ದೇವೆ. 1951ರಲ್ಲಿ, ಬಾಕಿ ತೆರಿಗೆ ಕಟ್ಟಲು ಮತ್ತೆ ಗ್ಲೌಸ್ ತೊಟ್ಟಿದ್ದ 37ರ ಜೋ ಲೂಯಿಸ್‌ನನ್ನು ಮಾರ್ಸಿಯಾನೊ ಹಗ್ಗದಾಚೆ ಕೆಡವಿದ. ಗೆದ್ದವನೇ ಆಮೇಲೆ ಅತ್ತನಂತೆ. 1980ರಲ್ಲಿ ಲ್ಯಾರಿ ಹೋಮ್ಸ್, ತಾನು ಹಿಂದೆ ಅಭ್ಯಾಸಕ್ಕೆ ಜೊತೆಯಾಗಿದ್ದ ಅಲಿಯನ್ನೇ ಹತ್ತು ಸುತ್ತು ಗುದ್ದಿದ. 2024ರಲ್ಲಿ 58ರ ಟೈಸನ್‌ನನ್ನು 27ರ ಯೂಟ್ಯೂಬ್ ಹುಡುಗ ಜೇಕ್ ಪಾಲ್ ಮುಂದೆ ನಿಲ್ಲಿಸಿದರು. ಮೊಣಕಾಲಿಗೆ ಪಟ್ಟಿ, ಬಾಯಲ್ಲಿ ಗ್ಲೌಸ್ ಕಚ್ಚಿಕೊಂಡು ಎಂಟು ಸುತ್ತು ತಳ್ಳಿದ. ಮೂರರ ಬದಲು ಎರಡು ನಿಮಿಷದ ಸುತ್ತು, ಅದೂ ಕನಿಕರಕ್ಕೆ. ಕೋಟಿಗಟ್ಟಲೆ ಜನ ನೋಡಿದರು. ನಾನೂ ನೋಡಿದೆ. ಥೂ.

ಅಷ್ಟಕ್ಕೂ ಬದುಕಿದ್ದವರ ಪಂದ್ಯವನ್ನೇ ನೆಟ್ಟಗೆ ನಡೆಸಲಾಗದ ಆಟ ಇದು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೆನಾಕ್ಸ್ ಲೂಯಿಸ್ ರಿಡಿಕ್ ಬೋ ವಿರುದ್ಧ ಗೆದ್ದಿದ್ದ. ವೃತ್ತಿಪರರಾದ ಮೇಲೆ ಇಬ್ಬರೂ ಎದುರಾಗಲಿ ಅಂತ ಲೋಕವೇ ಕಾಯುತ್ತಿತ್ತು. 1992ರಲ್ಲಿ ಬೋ ಲಂಡನ್ನಿಗೆ ಬಂದು, ಲೂಯಿಸ್ ಜೊತೆ ಆಡುವ ಬದಲು ಕ್ಯಾಮೆರಾಗಳ ಎದುರಿಗೆ ತನ್ನ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಚಾಂಪಿಯನ್ ಬೆಲ್ಟನ್ನು ಕಸದ ಬುಟ್ಟಿಗೆ ಎಸೆದ. ಲೂಯಿಸ್ ಜೊತೆಗಿನ ಪಂದ್ಯ ಕೊನೆಗೂ ನಡೆಯಲಿಲ್ಲ. ಅದನ್ನೂ ಈಗ ಎಐ ನಡೆಸಿಕೊಡುತ್ತದೆ. ಇಬ್ಬರೂ ಇನ್ನೂ ಬದುಕಿದ್ದಾರೆ, ಅರವತ್ತರ ಆಸುಪಾಸಿನಲ್ಲಿದ್ದಾರೆ. ಇದನ್ನು ದಯವಿಟ್ಟು ಯಾವ ಪ್ರೊಮೋಟರ್ ಕಿವಿಗೂ ಹಾಕಬೇಡಿ.