ಶಬ್ದ ಬತ್ತು, ಚಿತ್ರ ಬತ್ತಿಲ್ಲೆ

ಸಂಜೆ ಏಳಾಯಿತೆಂದರೆ ಶಿರಸಿ ಕಡೆಯ ಕೇಬಲ್ಲಿನವನ ಮೊಬೈಲಿನಲ್ಲಿ ಒಂದೇ ಅಹವಾಲು: ‘ತಮಾ, ಶಬ್ದ ಬತ್ತು, ಚಿತ್ರ ಬತ್ತಿಲ್ಲೆ.’ ಶಬ್ದ ಬರುತ್ತದೆ, ಚಿತ್ರ ಬರುತ್ತಿಲ್ಲ ಎಂಬ ಈ ರೋಗದ ಹೆಸರು ಪ್ರಗತಿ. ಚಾನೆಲ್ಲಿನ ಚಿತ್ರವನ್ನು ಹಿಂಡಿ ಕಳಿಸುವ ಹಳೆ ಕ್ರಮ ಎಂಪೆಗ್-2ರಿಂದ ಹೊಸ ಕ್ರಮ ಎಂಪೆಗ್-4ಕ್ಕೆ ದಾಟಿಸಿದ್ದಾರೆ. ಶಬ್ದ ಮಾತ್ರ ಹಳೆಯ ಕ್ರಮದಲ್ಲೇ ಉಳಿದಿದೆ. ಹಳೆ ಸೆಟ್‌ಟಾಪ್ ಬಾಕ್ಸಿಗೆ ಅರ್ಥವಾಗುವುದು ಅಷ್ಟೇ. ಯಕ್ಷಗಾನದ ಆಟಕ್ಕೆ ದುಡ್ಡು ಕೊಟ್ಟು, ವೇಷ ಕುಣಿತವಿಲ್ಲದ ತಾಳಮದ್ದಲೆ ಕೇಳುವ ಯೋಗ.

ಹಳ್ಳಿಗಳ ಕೇಬಲ್ ಟೀವಿ ಡಿಜಿಟಲ್ ಆಗಬೇಕಾದ ಗಡುವು 2017ರ ಮಾರ್ಚ್ 31ರಂದು ಮುಗಿಯಿತು. ಎಂಪೆಗ್-4ರ ಎಚ್.264 ಎಂಬ ಕ್ರಮ ಹುಟ್ಟಿದ್ದು 2003ರಲ್ಲಿ. ಅದಕ್ಕೆ 14 ತುಂಬುತ್ತಿದ್ದಾಗ ಅಗ್ಗದ ಎಂಪೆಗ್-2 ಬಾಕ್ಸನ್ನು ‘ಹೊಸ ತಂತ್ರಜ್ಞಾನ’ ಎಂದು ಮನೆಗೆ ತಂದವರು ಈಗ ಇನ್ನೊಂದು ಹೊಸತಕ್ಕೆ ದುಡ್ಡು ಎಣಿಸಬೇಕು.

ಲೆಕ್ಕ ಇಷ್ಟು. ಕೇಬಲ್ಲಿನಲ್ಲಿ 8 ಮೆಗಾಹರ್ಟ್ಸ್‌ನ ಒಂದು ಪಟ್ಟಿ, ಅಲೆಯ ಮೇಲೆ ಬಿಟ್ ಹೇರುವ ಕ್ರಮ 64 ಕ್ವಾಮ್‌, ಸಿಂಬಲ್ ರೇಟ್ (ಸೆಕೆಂಡಿಗೆ ಹೋಗುವ ಸಂಕೇತ) 6875 ಸಾವಿರ ಎಂದಾದರೆ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹಿಡಿಸುತ್ತದೆ. ಸಾಧಾರಣ ಚಾನೆಲ್ಲೊಂದಕ್ಕೆ ಎಂಪೆಗ್-2ರಲ್ಲಿ 3ರಿಂದ 4 ಮೆಗಾಬಿಟ್ ಬೇಕು, ಅಂದರೆ ಹತ್ತು ಚಾನೆಲ್. ಎಂಪೆಗ್-4ರಲ್ಲಿ ಅದರ ಅರ್ಧ ಸಾಕು, ಇಪ್ಪತ್ತು ತುರುಕಬಹುದು. ಜಾಗ ಉಳಿದದ್ದು ಕೇಬಲ್ ಕಂಪನಿಗೆ, ಬಾಕ್ಸ್ ಕೊಳ್ಳುವುದು ನೀವು. ಇನ್ನೂ ಆಸೆಯಾದರೆ 256 ಕ್ವಾಮ್: 51 ಮೆಗಾಬಿಟ್. ಆದರೆ ಅದಕ್ಕೆ ಸಿಗ್ನಲ್ ಸುಮಾರು 6 ಡೆಸಿಬೆಲ್ ಹೆಚ್ಚು ಚೊಕ್ಕವಾಗಿರಬೇಕು.

ಚೊಕ್ಕ! ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ತಂತಿಯ ತುದಿಯ ಎಫ್ ಕನೆಕ್ಟರ್ ಎರಡು ಮಳೆಗಾಲ ಕಂಡರೆ ಹೆಚ್ಚು. ಆರ್‌ಜಿ-6 ಕೇಬಲ್ ತಂತಿಯ ನಡುಗಂಬಿ ಹೆಚ್ಚಾಗಿ ಉಕ್ಕು, ಮೇಲೆ ತಾಮ್ರದ ತೆಳು ಲೇಪ. ಲೇಪ ತಿಂದುಹೋದರೆ ತುಕ್ಕು ಸೀದಾ ಒಳಗೆ. ಘಟ್ಟದ ಮೇಲೆ ಬೇರೆ ಕಥೆ. ಕೊಳೆರೋಗ ಬರಬಾರದೆಂದು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಾರಲ್ಲ, ಅದೇ ಮರಕ್ಕೆ ನೇತುಹಾಕಿದ, ಸಿಗ್ನಲ್ಲನ್ನು ಹಲವು ತಂತಿಗೆ ಹಂಚುವ ಸ್ಪ್ಲಿಟರಿಗೂ ಒಂದು ಪ್ಲಾಸ್ಟಿಕ್ ಕೊಟ್ಟೆ. ಅಡಿಕೆ ಉಳಿಯುತ್ತದೆ. ಸ್ಪ್ಲಿಟರ್ ಕೊಳೆಯುತ್ತದೆ, ಯಾಕೆಂದರೆ ಒಳಗೆ ಬೆವರಿದ ನೀರಿಗೆ ಹೊರಹೋಗುವ ದಾರಿಯಿಲ್ಲ. ಮಾಡಬೇಕಾದ್ದು ಸುಲಭ: ಕಪ್ಪಾದ ತುದಿಯನ್ನು ಎರಡು ಇಂಚು ಕತ್ತರಿಸಿ, ಒತ್ತಿ ಕೂರಿಸುವ ಕನೆಕ್ಟರ್ ಹಾಕಿ, ನೀರು ತೊಟ್ಟಿಕ್ಕಲು ತಂತಿಗೆ ಕೆಳಮುಖವಾಗಿ ಒಂದು ಬಾಗು ಕೊಟ್ಟು, ಸ್ಪ್ಲಿಟರಿನ ಖಾಲಿ ಕಿಂಡಿಗೆ, ಸಿಗ್ನಲ್ ಮರಳಿ ಬಡಿಯದಂತೆ, 75 ಓಮ್ ಟರ್ಮಿನೇಟರ್ ತಿರುಪುವುದು. ಇಷ್ಟಕ್ಕೆ ‘ಅಪ್‌ಗ್ರೇಡ್’ ಅನ್ನುವ ಹೆಸರಿಲ್ಲದ್ದರಿಂದ ಯಾರೂ ಮಾಡುವುದಿಲ್ಲ. ಎಂಟು ದಾರಿಯ ಸ್ಪ್ಲಿಟರ್ 11 ಡೆಸಿಬೆಲ್ ನುಂಗಿದ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಬೈಗುಳ ಬಾಕ್ಸಿಗೆ.

ಅಂತೂ ಎಚ್‌ಡಿ ಬಾಕ್ಸ್ ಬಂತು. ಜಗಲಿಯಲ್ಲಿರುವುದು ಡುಬ್ಬದ ಟೀವಿ, ಎಚ್‌ಡಿಎಂಐ ಕಿಂಡಿಯೇ ಇಲ್ಲ. ಬಿಳಿ, ಕೆಂಪು ಪಿನ್ನು ಶಬ್ದಕ್ಕೆ ಹೋಗಲಿ. 1080 ಗೆರೆಯ ಚಿತ್ರವಷ್ಟೂ ಹಳದಿ ಪಿನ್ನಿನ ಒಂದೇ ತಂತಿಯಲ್ಲಿ 576 ಗೆರೆಗೆ ಕುಗ್ಗಿ ಇಳಿಯುತ್ತದೆ. ಎಚ್‌ಡಿ ಚಾನೆಲ್ಲಿನ ಹೆಚ್ಚಿನ ದರ ಮಾತ್ರ ಕುಗ್ಗುವುದಿಲ್ಲ.

ಕಾರವಾರದಿಂದ ಶಿರಸಿಗೆ ಮನೆ ಬದಲಿಸಿದರೆ ಸಿಮ್ ಜೊತೆಗೆ ಬರುತ್ತದೆ, ಬಾಕ್ಸ್ ಬರುವುದಿಲ್ಲ. ಅಲ್ಲಿಯ ಕಂಪನಿ ಬೇರೆಯಾದರೆ ಬೀಗವೂ ಬೇರೆ. ಯಾವ ಬಾಕ್ಸ್ ಆದರೂ ಎಲ್ಲ ಕಡೆ ನಡೆಯಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿದೆ. ಶಿಫಾರಸಿಗೆ ಸೆಟ್‌ಟಾಪ್ ಬಾಕ್ಸ್ ಬೇಕಿಲ್ಲವಲ್ಲ, ಆರಾಮಾಗಿದೆ.

ಕೊನೆಗೆ ಆ್ಯಕ್ಟಿವೇಶನ್. ಅನುಮತಿ ತಂತಿಯಲ್ಲೇ ಬರುವುದರಿಂದ ಬಾಕ್ಸ್ ಚಾಲೂ ಇರಬೇಕು, ಚಾನೆಲ್ ಹಚ್ಚಿರಬೇಕು. ‘ಅರ್ಧ ತಾಸು ಆಫ್ ಮಾಡಡಿ ಅಜ್ಜಿ’ ಎಂದು, ಆರಿಸಬೇಡಿರೆಂದೇ ಹೇಳಿ ಕೇಬಲ್ಲಿನ ಹುಡುಗ ಬೈಕ್ ಹತ್ತುತ್ತಾನೆ. ಕಪ್ಪು ಪರದೆಗೆ ಕರೆಂಟ್ ಯಾಕೆ ದಂಡ ಎಂದು ಅಜ್ಜಿ ಸ್ವಿಚ್ಚು ಆರಿಸುತ್ತಾರೆ. ಮತ್ತೆ ಫೋನು, ಮತ್ತೆ ಬೈಕು. ಚಿತ್ರ ಮೂಡುವ ಹೊತ್ತಿಗೆ ಪಕ್ಕದ ಮನೆಯ ಹಳೆ ಬಾಕ್ಸಿನಲ್ಲಿ ಆ ದಿನದ ಧಾರಾವಾಹಿಯ ತಾಳಮದ್ದಲೆ ಮುಗಿದು ಮಂಗಳವೂ ಆಗಿರುತ್ತದೆ.