ಡಬ್ಬದ ಮೇಲಿನ ಹೆಸರಲ್ಲ, ಒಳಗಿನ ಚಿಪ್ ನೋಡಿ

ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: ‘ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ತಗೊಳ್ಳಿ, ಲಿನಕ್ಸ್‌ನಲ್ಲಿ ಹಾಕಿದ ಕೂಡಲೇ ವೈಫೈ ಬರುತ್ತೆ.’ ಇದು ಅರ್ಧ ಮಾತ್ರ ನಿಜ. ಮೊದಲ ವರ್ಷನ್‌ನಲ್ಲಿ ಅಥೆರಾಸ್ ಎಆರ್9271 ಚಿಪ್ ಇತ್ತು, ಅದನ್ನು ನಡೆಸೋ ಸಾಫ್ಟ್‌ವೇರ್, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಎರಡನೇ ವರ್ಷನ್‌ನಿಂದ ಒಳಗೆ ರಿಯಲ್‌ಟೆಕ್ ಚಿಪ್ ಬಂತು, ಹೆಸರು ಮಾತ್ರ ಅದೇ ಉಳಿಯಿತು, ಡ್ರೈವರ್ ಬೇರೆ, ಹಳೇ ಕರ್ನಲ್‌ನಲ್ಲಿ ಸುಮ್ನೆ ಸತಾಯಿಸುತ್ತೆ. ಅಂಗಡಿಯಲ್ಲಿ ಕೊಡೋದು ಯಾವುದು ಅಂತ ಡಬ್ಬದ ಮೇಲಿನ ಹೆಸರು ನೋಡಿದರೆ ಗೊತ್ತಾಗಲ್ಲ ಅಲ್ವಾ? ಅಡಾಪ್ಟರ್ ಬೆನ್ನಿನ ಸ್ಟಿಕರ್‌ನಲ್ಲಿ ಸಣ್ಣ ಅಕ್ಷರದಲ್ಲಿ ವರ್ಷನ್ ಇರುತ್ತೆ, ಅದನ್ನು ಓದಿ. ಅಂಗಡಿಯವರು ಹಾಕಿ ನೋಡೋಕೆ ಬಿಟ್ಟರೆ ಲಿನಕ್ಸ್ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಡಿ, 0ಸಿಎಫ್3:9271 (0cf3:9271) ಅಂತ ಬಂದರೆ ಹಳೇ ಚಿಪ್. 5 ಗಿಗಾಹರ್ಟ್ಸ್ ವೈಫೈ ಬೇಕಿದ್ದರೆ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇರೋ ಅಡಾಪ್ಟರ್ ಒಳ್ಳೇದು, ಕರ್ನಲ್ 4.19ರಿಂದ ಡ್ರೈವರ್ ಜೊತೆಗೇ ಬರುತ್ತೆ. ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.